ರಾಜರಿಲ್ಲದ ಊರಿಗೂ ಚರಿತ್ರೆ ಇದೆ

ಪ್ರಶ್ನೆ: ನಮ್ಮದು ತುಮಕೂರು ಜಿಲ್ಲೆಯ ಒಂದು ಸಣ್ಣ ಹೋಬಳಿ ಊರು. ರಾಗಿ ಹೊಲ, ತೆಂಗಿನ ತೋಟ, ಒಂದು ಕೆರೆ, ವಾರದ ಸಂತೆ, ಇಷ್ಟೇ. ಯಾವ ರಾಜನೂ ಇಲ್ಲಿ ಆಳಿಲ್ಲ. ಇಂಥ ಊರಿನ ಇತಿಹಾಸ ಬರೆಯಬಹುದೇ ಸಾರ್? ಎಲ್ಲಿಂದ ಶುರು ಮಾಡಲಿ?
– ಒಬ್ಬ ಓದುಗ

ಉತ್ತರ: ಖಂಡಿತ ಬರೆಯಿರಿ. ರಾಜರ ಯೋಚನೆ ಬಿಡಿ, ಮೊದಲು ಕೆರೆ ಏರಿ ಮೇಲೆ ನಡೆಯಿರಿ. ತೂಬಿನ ಹತ್ತಿರ, ಕೋಡಿ ಬಳಿ ಅರ್ಧ ಹೂತುಹೋದ ಕಲ್ಲೇನಾದರೂ ಇದೆಯಾ ನೋಡಿ. ಕೆರೆ ಕಟ್ಟಿಸಿದವರಿಗೆ, ಒಡೆದ ಏರಿ ಸರಿಮಾಡಿಸಿದವರಿಗೆ ಗದ್ದೆ ಬಿಟ್ಟುಕೊಟ್ಟ ಶಾಸನಗಳು ನಮ್ಮ ನಾಡಿನಲ್ಲಿ ಬೇಕಾದಷ್ಟಿವೆ. ವೀರಗಲ್ಲು ಸಿಕ್ಕರೆ ಕೆಳಗಿನಿಂದ ಮೇಲಕ್ಕೆ ನೋಡಿ. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಅವನು ಕೂತಿರುತ್ತಾನೆ. ಎಷ್ಟೋ ವೀರಗಲ್ಲುಗಳು ಊರಿನ ದನ ಬಿಡಿಸಲು ಹೋಗಿ ಸತ್ತವರವು. ಅವರೂ ನಿಮ್ಮ ಹಾಗೆ ರೈತಾಪಿ ಜನರೇ ಇದ್ದಿರಬಹುದು, ಅಲ್ವಾ?

ಅಕ್ಷರ ಸವೆದಿದ್ದರೆ ಬೆಳಗ್ಗೆ ಬಿಸಿಲು ಓರೆಯಾಗಿ ಬೀಳುವಾಗ ನೋಡಿ, ಎದ್ದು ಕಾಣುತ್ತದೆ. ದಯವಿಟ್ಟು ತಂತಿ ಬ್ರಷ್‌ನಿಂದ ಉಜ್ಜಬೇಡಿ, ಬಣ್ಣ ಬಳಿಯಲು ಯಾರಿಗೂ ಬಿಡಬೇಡಿ.

ಆಮೇಲೆ ಲೈಬ್ರರಿಗೆ ಹೋಗಿ 'ಎಪಿಗ್ರಾಫಿಯಾ ಕರ್ನಾಟಿಕಾ' ಕೇಳಿ. ಶಾಸನತಜ್ಞ ಬಿ.ಎಲ್. ರೈಸ್ 1886ರಲ್ಲಿ ಶುರು ಮಾಡಿದ ಶಾಸನ ಸಂಪುಟಗಳು. ಶಾಸನಗಳನ್ನು ತಾಲ್ಲೂಕುವಾರು ಜೋಡಿಸಿದ್ದಾರೆ, ಊರಿನ ಹೆಸರು ಹುಡುಕುವುದು ಸುಲಭ. ಬೇಲೂರು ತಾಲ್ಲೂಕಿನ ಹಲ್ಮಿಡಿಯೂ ಸಣ್ಣ ಹಳ್ಳಿಯೇ. 1936ರಲ್ಲಿ ಪುರಾತತ್ವಜ್ಞ ಎಂ.ಎಚ್. ಕೃಷ್ಣ ಅಲ್ಲಿನ ಬಹು ಹಳೆಯ ಕನ್ನಡ ಶಾಸನದ ಕಲ್ಲನ್ನು ಬೆಳಕಿಗೆ ತಂದರು. ಕನ್ನಡದ ಚರಿತ್ರೆಯನ್ನೇ ಆ ಕಲ್ಲಿನಿಂದ ಹೇಳುತ್ತೇವೆ.

ಸರ್ವೆ ಇಲಾಖೆಯ ಗ್ರಾಮ ನಕಾಶೆಯನ್ನೂ ತೆಗೆಸಿ. ಹಳ್ಳ, ಗುಂಡುತೋಪು, ಬಂಡಿದಾರಿ ಎಲ್ಲ ಅದರಲ್ಲಿರುತ್ತದೆ. ಅಕ್ಕಪಕ್ಕ ಬೇಚರಾಕ್ ಗ್ರಾಮ, ಅಂದರೆ ಜನ ಬಿಟ್ಟುಹೋದ ಊರು, ಇದ್ದರೆ ಸುಮ್ನೆ ದಾಟಿ ಹೋಗಬೇಡಿ. ಯಾಕೆ ಬಿಟ್ಟರು? 1876–78ರಲ್ಲಿ, ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ ಬಿದ್ದ ಧಾತು ಈಶ್ವರ ಬರವೋ, 1898ರಿಂದ ಕಾಡಿದ ಪ್ಲೇಗೋ, ಬತ್ತಿದ ಬಾವಿಯೋ? ಅಲ್ಲಿಂದ ನಿಮ್ಮೂರಿಗೆ ಬಂದ ಮನೆತನಗಳು ಯಾವುವು? ಅವರ ಮನೆದೇವರು ಎಲ್ಲಿದೆ ಅಂತ ಕೇಳಿದರೆ ದಾರಿ ಸಿಗುತ್ತದೆ.

ಎಲ್ಲಕ್ಕಿಂತ ಅವಸರದ ಕೆಲಸ ಇನ್ನೊಂದಿದೆ. ನೀರುಗಂಟಿ ಕೆಲಸ, ಅಂದರೆ ಕೆರೆ ನೀರು ಹಂಚುವ ಕೆಲಸ, ಮಾಡಿದ ಹಿರಿಯರು ಇದ್ದರೆ ಈ ವಾರವೇ ಹೋಗಿ ಮಾತಾಡಿಸಿ. ಯಾವ ಗದ್ದೆಗೆ ಯಾವ ಸರದಿಯಲ್ಲಿ ನೀರು, ಬರ ಬಂದಾಗ ಹೇಗೆ ಹಂಚುತ್ತಿದ್ದರು, ಜಗಳ ಬಿದ್ದರೆ ಯಾರು ತೀರಿಸುತ್ತಿದ್ದರು, ಎಲ್ಲ ಕೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಇದು ಯಾವ ದಫ್ತರದಲ್ಲೂ ಪೂರ್ತಿ ಸಿಗುವುದಿಲ್ಲ. ಕಲ್ಲು ಸಿಕ್ಕರೆ ಫೋಟೊ ಕಳಿಸಿ, ಕೂತು ಓದೋಣ.