ಶಿವಮೊಗ್ಗದಲ್ಲಿ ಯೂನಿಫಾರ್ಮ್ ಹಾಕ್ಕೊಂಡು ಬಾರಿಗೆ ಹೋದ್ರೆ ಜನ ಗೌರವ ಕೊಡ್ತಾರಾ?

ತಮ್ಮಾ, ಅಗ್ನಿವೀರನಾಗಿ ಮೊದಲ ರಜೆಗೆ ಊರಿಗೆ ಬರ್ತಿದ್ದೀಯ, ಗೆಳೆಯರು ‘ಯೂನಿಫಾರ್ಮಲ್ಲೇ ಬಾರಿಗೆ ಬಾ, ಜನ ಎದ್ದು ನಿಲ್ತಾರೆ ನೋಡು’ ಅಂತಿದ್ದಾರೆ, ಜನ ಗೌರವ ಕೊಡ್ತಾರಾ ಕಿರಿಕ್ ಮಾಡ್ತಾರಾ ಅಂತ ಕೇಳಿ ಬರೆದಿದ್ದೀಯ. ಓದಿ ಹೊಟ್ಟೆ ಹಿಂಡಿದ ಹಾಗಾಯ್ತು. ಎದ್ದು ನಿಲ್ತಾರೆ ಕಣೋ. ನನಗೂ ನಿಂತಿದ್ದರು.

1999ರ ಆಗಸ್ಟ್. ಕಾರ್ಗಿಲ್ ಯುದ್ಧ ಜುಲೈ 26ಕ್ಕೆ ಮುಗಿದಿತ್ತು. ನಾನು ಸೇನೆಯ ಇಂಜಿನಿಯರ್ ಪಡೆ ಮದ್ರಾಸ್ ಸ್ಯಾಪರ್ಸ್‌ನವನು, ಬೆಂಗಳೂರಿನ ಹಲಸೂರಿನ ಸೆಂಟರಿನಲ್ಲಿ ಟ್ರೈನಿಂಗ್ ಮುಗಿಸಿ ನಾಲ್ಕು ವರ್ಷ ಆಗಿತ್ತು. ನಮ್ಮ ಯುನಿಟ್ ಇದ್ದದ್ದು ರಾಜಸ್ಥಾನದಲ್ಲಿ. ಯುದ್ಧದ ದಿನಗಳಲ್ಲಿ ನಮಗೂ ರಜೆ ನಿಲ್ಲಿಸಿದ್ದರು, ಮರಳಿನಲ್ಲಿ ಹಗಲೂ ರಾತ್ರಿ ಕಾದಿದ್ದೆವು. ಆದರೆ ನಾನಿದ್ದ ಕಡೆ ಒಂದು ಗುಂಡೂ ಹಾರಲಿಲ್ಲ. ರಜೆ ಸಿಕ್ಕ ತಕ್ಷಣ ಹೊರಟವನು ಶಿವಮೊಗ್ಗದಲ್ಲಿ ಇಳಿದಾಗ ಜೋರು ಮಳೆ. ತುಂಗೆ ತುಂಬಿ ಕೋರ್ಪಲಯ್ಯನ ಛತ್ರದ ಹತ್ತಿರದ ಮಂಟಪ ಇನ್ನೇನು ಮುಳುಗೋ ಹಾಗಿತ್ತು. ತೀರ್ಥಹಳ್ಳಿ ಕಡೆಯ ಬಸ್ಸಿಗೆ ಇನ್ನೂ ಎರಡು ಗಂಟೆ. ಟ್ರಂಕಿನಲ್ಲಿ ಮೇಲೇ ಒಂದು ಚೌಕಳಿ ಶರ್ಟ್ ಇತ್ತು. ತೆಗೆಯಲಿಲ್ಲ. ಹಸಿರು ಯೂನಿಫಾರ್ಮಿನಲ್ಲೇ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಬಾರಿಗೆ ನುಗ್ಗಿದೆ.

ಅಡಿಕೆ ಮಂಡಿಯವರ ಹಾಗೆ ಕಾಣುತ್ತಿದ್ದ ಇಬ್ಬರು ಕುರ್ಚಿ ಬಿಟ್ಟು ಎದ್ದು ಕೈ ಮುಗಿದರು. ಸಪ್ಲೈಯರ್ ಐವತ್ತು ದಾಟಿದ ಮನುಷ್ಯ. ಹೆಗಲ ಮೇಲಿನ ಬಟ್ಟೆ ತೆಗೆದು ಟೇಬಲ್ಲನ್ನ ಎರಡೆರಡು ಸಲ ಒರೆಸಿ, ಕೇಳದೆಯೇ ಹುರಿದ ಶೇಂಗಾ ತಂದಿಟ್ಟರು. ರಮ್ ಹಾಕುತ್ತಾ ಕೇಳಿದರು: “ಕಾರ್ಗಿಲ್‌ನಿಂದ ಬಂದ್ರಾ ಸಾರ್?”

ನಾನು ಸುಮ್ಮನೆ ನಕ್ಕೆ.

ಆ ನಗುವೇ ನಾನು ಮಾಡಿದ ತಪ್ಪು. ಕುಡಿದದ್ದನ್ನಾಗಲಿ, ಬಾರಿಗೆ ಹೋದದ್ದನ್ನಾಗಲಿ ನಾನು ಅಷ್ಟು ದೊಡ್ಡದು ಮಾಡಲ್ಲ. ‘ಅಲ್ಲ ಯಜಮಾನ್ರೇ, ರಾಜಸ್ಥಾನದಿಂದ’ ಅನ್ನೋಕೆ ಎಷ್ಟು ಹೊತ್ತು ಬೇಕು? ನಾಲಿಗೆ ತುದಿಗೆ ಬಂದಿತ್ತು. ಆ ಕೈ ಮುಗಿದವರು ಇನ್ನೂ ನನ್ನ ಕಡೆಯೇ ನೋಡ್ತಿದ್ದರು. ಇಲ್ಲ ಅಂದ್ರೆ ಅವರು ತಿರುಗಿ ಕೂತುಬಿಡ್ತಾರೆ ಅಂತ ಅನಿಸ್ತು, ನುಂಗಿಕೊಂಡೆ. ರಾಜಸ್ಥಾನದ ಕಾವಲೂ ಕಾವಲೇ, ಅವರು ಹಾಗೆ ಕೂರ್ತಿರಲಿಲ್ಲ ಅಂತ ಈಗ ಗೊತ್ತು. ಇಪ್ಪತ್ತಾರು ವರ್ಷದ ಹುಡುಗನಿಗೆ ಗೊತ್ತಿರಲಿಲ್ಲ. ಹೇಳಿದ ಸುಳ್ಳಾಗಿದ್ದರೆ ವಾಪಸ್ ತಗೋಬಹುದಿತ್ತೇನೋ. ನಾನು ಬಾಯೇ ಬಿಟ್ಟಿರಲಿಲ್ಲ, ತಗೊಳ್ಳೋಕೆ ಏನಿತ್ತು? ಎರಡನೇ ಸಲ ಅವರು ಬಂದಾಗಲೂ ಹೇಳಬಹುದಿತ್ತು, ಹೇಳಲಿಲ್ಲ. ಮೂರನೇ ಸಲ ಬಗ್ಗಿ ಮೆಲ್ಲಗೆ ಹೇಳಿದರು: “ನಮ್ಮ ಹುಡುಗನೂ ಅಲ್ಲೇ ಸಾರ್, ದ್ರಾಸ್ ಕಡೆ. ಎರಡು ತಿಂಗಳಾಯ್ತು, ಕಾಗದ ಇಲ್ಲ. ಅಲ್ಲಿ ನಮ್ಮೋರು ಹೇಗಿದಾರೆ?”

“ಚೆನ್ನಾಗಿದಾರೆ,” ಅಂದೆ.

ಬಿಲ್ಲು ತಗೊಳ್ಳಲಿಲ್ಲ. ಯಾವೂರು, ಯಾರ ಮನೆ ಅಂತ ಕೇಳಿದರು. ಹೇಳಿ ಬಸ್ ಹತ್ತಿದೆ.

ಐದನೇ ದಿನ ಅವರು ನಮ್ಮ ಮನೆ ಅಂಗಳದಲ್ಲಿ ಕೊಡೆ ಮಡಚುತ್ತಾ ನಿಂತಿದ್ದರು. ಅವರೂರು ಆಯನೂರು ಹತ್ತಿರ. ಶಿವಮೊಗ್ಗಕ್ಕೆ ಬಂದು, ಅಲ್ಲಿಂದ ಮಂಡಗದ್ದೆ ದಾಟಿ, ಕೆಸರು ದಾರಿಯಲ್ಲಿ ನಮ್ಮ ಮನೆವರೆಗೆ ನಡೆದಿದ್ದರು. ಬಟ್ಟೆಚೀಲದಲ್ಲಿ ಒಂದು ಹಾರ್ಲಿಕ್ಸ್ ಬಾಟಲಿ, ತುಂಬ ಅಪ್ಪೆಮಿಡಿ ಉಪ್ಪಿನಕಾಯಿ. ಎಣ್ಣೆ ಸೋರಬಾರದು ಅಂತ ಮುಚ್ಚಳದ ಮೇಲೆ ಪ್ಲಾಸ್ಟಿಕ್ ಸುತ್ತಿ ಬಾಳೆನಾರಿನಲ್ಲಿ ಬಿಗಿದಿದ್ದರು. “ಸಾರ್ ವಾಪಸ್ ಹೋಗುವಾಗ ನಮ್ಮ ಹುಡುಗನ ಕೈಗೆ ಮುಟ್ಟಿಸಿದ್ರೆ ಸಾಕು, ಅವನಮ್ಮ ಮಾಡಿದ್ದು,” ಅಂತ ಅಪ್ಪನಿಗೆ ಹೇಳಿದರು.

ಅಪ್ಪ ಕಾಫಿ ಲೋಟ ಕೊಡ್ತಾ ಅಂದರು: “ದ್ರಾಸಾ? ಇವನು ಇರೋದು ರಾಜಸ್ಥಾನದಲ್ಲಿ ಅಲ್ವಾ?”

ಆ ಮನುಷ್ಯ ನನ್ನ ಮುಖ ನೋಡಲಿಲ್ಲ. ಕಾಫಿ ಬಿಟ್ಟು ಏಳಲೂ ಇಲ್ಲ, ಪೂರ್ತಿ ಕುಡಿದು ಲೋಟ ಕವುಚಿಟ್ಟು, ಬಾಟಲಿ ಚೀಲಕ್ಕೆ ಹಾಕ್ಕೊಂಡು ಹೊರಟರು. ಮಳೆಯಲ್ಲಿ ಹಿಂದೆ ಓಡಿದೆ. ‘ಕೊಡಿ, ಸೇನೆಯ ಅಂಚೆ ಇದೆಯಲ್ಲ, 56 ಎಪಿಒ, ಆ ವಿಳಾಸಕ್ಕೆ ನಾನೇ ಪಾರ್ಸೆಲ್ ಮಾಡ್ತೀನಿ’ ಅಂದೆ. “ವಿಳಾಸ ನನ್ನ ಹತ್ರನೂ ಇದೆ ಸಾರ್. ಕೈಯಿಂದ ಕೈಗೆ ಹೋಗ್ಲಿ ಅಂತ ಬಂದೆ.” ಆಗಲೂ ಸಾರ್ ಅಂತಲೇ ಕರೆದರು.

ಆ ರಜೆ ಮುಗಿಯೋ ತನಕ ಅಪ್ಪ ನನ್ನ ಜೊತೆ ಊಟಕ್ಕೆ ಕೂರಲಿಲ್ಲ. ಮುಂದಿನ ವರ್ಷ ಚೌಕಳಿ ಶರ್ಟ್ ಹಾಕ್ಕೊಂಡು ಅದೇ ಬಾರಿಗೆ ಹೋದೆ. ಅವರು ಕೆಲಸ ಬಿಟ್ಟಿದ್ದರು. ಮಗ ಒಂದು ಸಲ ಬಂದು ಹೋದ ಅಂತ ಗಲ್ಲಾದವರು ಹೇಳಿದರು, ಅಲ್ಲೇ ಕುರ್ಚಿ ಹಿಡಿದು ಕೂತುಬಿಟ್ಟೆ. ಅವತ್ತಿನ ಬಿಲ್ಲು ಕೊಡ್ತೀನಿ ಅಂದರೆ ಯಾವ ಬಿಲ್ಲು ಅಂತ ಅವರಿಗೆ ತಿಳಿಯಲಿಲ್ಲ.

ಹಾಗಾಗಿ ಜನ ಗೌರವ ಕೊಡ್ತಾರಾ, ಕಿರಿಕ್ ಮಾಡ್ತಾರಾ ಅಂತ ನೀನು ಕೇಳೋದೇ ಸರಿಯಿಲ್ಲ. ನಮ್ಮ ಕಡೆ ಜನ ಕೊಟ್ಟೇ ಕೊಡ್ತಾರೆ. ಬಾರಿನಲ್ಲಿ ಕೂತು ಅದನ್ನ ತಗೊಳ್ಳೋ ಯೋಗ್ಯತೆ ಎರಡು ಪೆಗ್ ಆದ ಮೇಲೆ ನಿನಗೂ ಇರಲ್ಲ, ನನಗೂ ಇರಲಿಲ್ಲ.

ಇನ್ನು ನಿಯಮದ ಮಾತು. ಯೂನಿಫಾರ್ಮಿನಲ್ಲಿ ಬಾರು ಗೀರು ಹತ್ತಬಾರದು ಅಂತ ಟ್ರೈನಿಂಗ್ ಕೊಟ್ಟ ಉಸ್ತಾದ್ ನಿನಗೂ ಹೇಳೇ ಇರ್ತಾರೆ. ಆರ್ಮಿ ಆಕ್ಟ್ 1950ರ 48ನೇ ಸೆಕ್ಷನ್ ಅಮಲಿನ ಬಗ್ಗೆಯೇ ಇರೋದು, ಡ್ಯೂಟಿಯಲ್ಲಿದ್ದರೂ ಇಲ್ಲದಿದ್ದರೂ ಅನ್ವಯಿಸುತ್ತೆ. ‘ರಜೆಯಲ್ಲಿದ್ದೆ ಸಾಬ್’ ಅನ್ನೋದು ನಡೆಯಲ್ಲ. ನಾಲ್ಕು ವರ್ಷದ ಕೊನೆಗೆ ನಿಮ್ಮಲ್ಲಿ ಶೇಕಡಾ 25ರವರೆಗೆ ಮಾತ್ರ ಉಳಿಸ್ಕೊಳ್ಳೋದು, ಸರ್ವಿಸ್ ದಾಖಲೆಯಲ್ಲಿ ಒಂದು ಕೆಟ್ಟ ಎಂಟ್ರಿಯ ಬೆಲೆ ನಿನಗೇ ಗೊತ್ತು. ಗೆಳೆಯ ಫೋಟೋಗೆ ಅಂತ ನಿನ್ನ ಶರ್ಟ್ ಕೇಳಿದರೂ ಕೊಡಬೇಡ. ಸೈನಿಕ ಅಂತ ಜನ ನಂಬಲಿ ಅಂತ ಹಾಕ್ಕೊಂಡರೆ ಭಾರತೀಯ ನ್ಯಾಯ ಸಂಹಿತೆ 168ರಲ್ಲಿ ಮೂರು ತಿಂಗಳವರೆಗೆ ಜೈಲು, ಇಲ್ಲವೇ 2000 ರೂಪಾಯಿವರೆಗೆ ದಂಡ, ಎರಡೂ ಆಗಬಹುದು.

ಕುಡೀಲೇಬೇಕು ಅಂದ್ರೆ ಸಿವಿಲ್ ಡ್ರೆಸ್ಸಲ್ಲಿ ಹೋಗು, ನಿನ್ನ ದುಡ್ಡಲ್ಲಿ ಕುಡಿ. ಎಲ್ಲಿ ಪೋಸ್ಟಿಂಗ್ ಅಂತ ಯಾರಾದ್ರೂ ಕೇಳಿದರೆ ಜಾಗ ಹೇಳೋಕಾಗಲ್ಲ ಅನ್ನು, ಇಲ್ಲದ ಜಾಗದಲ್ಲಿ ಇದ್ದೆ ಅಂತ ಮಾತ್ರ ಅನಿಸಬೇಡ. ಬೆಂಗಳೂರು ರೈಲಿಗೆ ಬರೋದಾದರೆ ಭದ್ರಾವತಿ ಬಂದಾಗ ಎದ್ದು ಶರ್ಟ್ ಬದಲಿಸ್ಕೊ, ಶಿವಮೊಗ್ಗಕ್ಕೆ ಇನ್ನೂ ಸ್ವಲ್ಪ ಹೊತ್ತು ಇರುತ್ತೆ. ನಿಮ್ಮಮ್ಮ ಯೂನಿಫಾರ್ಮಲ್ಲಿ ನೋಡಬೇಕು ಅಂತ ಆಸೆ ಪಟ್ಟರೆ ಮನೆಗೆ ಹೋಗಿ, ಸ್ನಾನ ಮಾಡಿ, ಇಸ್ತ್ರಿ ಹಾಕಿ ಅವರ ಮುಂದೆ ಹಾಕ್ಕೊ.