ಅಜ್ಜನ ಕಾಲದ ಗೋಡೆಗೆ ಸಿಮೆಂಟ್ ಬೇಡ

ಪ್ರಶ್ನೆ: ನಮ್ಮದು ಹಳೇ ತೊಟ್ಟಿಮನೆ. ವಿಕ್ಟೋರಿಯಾ ರಾಣಿ ಕಾಲದ್ದು ಅಂತ ಮಾವನವರು ಹೇಳುತ್ತಿದ್ದರು. ಜಂಬಿಟ್ಟಿಗೆ ಕಲ್ಲಿನ ಗೋಡೆ, ಮಂಗಳೂರು ಹೆಂಚು. ಐದು ವರ್ಷದ ಹಿಂದೆ ಗೋಡೆಯ ಬುಡಕ್ಕೆ ಮೂರಡಿ ಸಿಮೆಂಟ್ ಗಾರೆ ಮಾಡಿಸಿದೆವು. ಈಗ ತೇವ ಅದಕ್ಕಿಂತ ಮೇಲೆ ಏರಿದೆ. ಕೆಡವಿ ಆರ್‌ಸಿಸಿ ಮನೆ ಕಟ್ಟೋಣ ಅಂತಾನೆ ಮಗ. ಏನು ಮಾಡಲಿ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ದಯವಿಟ್ಟು ಕೆಡವಬೇಡಿ ಅಮ್ಮಾ. ಸಾಗರದ ನಮ್ಮ ಮನೆಯಲ್ಲಿ ನಾನೂ ಇದೇ ತಪ್ಪು ಮಾಡಿದ್ದೆ. ಜಗುಲಿಯ ಮುಂಡಿಗೆಯ, ಅಂದರೆ ಮರದ ಕಂಬದ, ಬುಡಕ್ಕೂ ಸೇರಿಸಿ ಸಿಮೆಂಟ್ ಬಳಿಸಿದ್ದೆ. ಮೂರನೇ ಮಳೆಗಾಲದಲ್ಲಿ ಅನುಮಾನ ಬಂದು ಕತ್ತಿಯ ತುದಿಯಲ್ಲಿ ಚುಚ್ಚಿದರೆ ಎರಡು ಬೆರಳಿನಷ್ಟು ಒಳಗೆ ಹೋಯಿತು. ಹಲಸಿನ ಮುಂಡಿಗೆ ಅದು. ನಮ್ಮಜ್ಜಿ ಒರಗಿ ಕೂತು ಕೂತು ನುಣುಪಾಗಿತ್ತು. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಜಂಬಿಟ್ಟಿಗೆಯ ಮೈ ತುಂಬ ಸಣ್ಣ ಸಣ್ಣ ತೂತು. ನೆಲದ ನೀರನ್ನು ಹೀರಿಕೊಳ್ಳುತ್ತದೆ. ಸುಣ್ಣದ ಗಾರೆ ಇದ್ದಾಗ ಬಿಸಿಲು ಬಿದ್ದ ಹಾಗೆ ಅದು ಆರುತ್ತಿತ್ತು. ಸಿಮೆಂಟ್ ಆರಲು ಬಿಡುವುದಿಲ್ಲ. ಹೊರಗೆ ದಾರಿಯಿಲ್ಲದ ನೀರು ಗೋಡೆಯೊಳಗೇ ಮೇಲೆ ಹತ್ತುತ್ತದೆ, ಮರದವರೆಗೂ ಹೋಗುತ್ತದೆ. ಒದ್ದೆ ಮರ ಸಿಕ್ಕರೆ ಗೆದ್ದಲು ಬಿಡುತ್ತದಾ?

ಮೊದಲು ಮನೆ ಸುತ್ತ ನೋಡಿ. ವರ್ಷ ವರ್ಷ ಮಣ್ಣು ತುಂಬಿ ಪಂಚಾಂಗ, ಅಂದರೆ ಗೋಡೆಯ ಬುಡದ ಅಡಿಪಾಯದ ಕಟ್ಟು, ಮುಚ್ಚಿರುತ್ತದೆ. ಆ ಮಣ್ಣು ತೆಗೆಸಿ, ಸೂರಿನ ನೀರು ದೂರ ಹರಿಯುವ ಹಾಗೆ ಚರಂಡಿ ಮಾಡಿಸಿ. ಅರ್ಧ ತೇವ ಅದರಲ್ಲೇ ಇಳಿಯಬಹುದು. ದೀಪಾವಳಿ ಕಳೆದ ಮೇಲೆ ಚಾಣ, ಸುತ್ತಿಗೆಯಲ್ಲಿ ನಿಧಾನವಾಗಿ ಸಿಮೆಂಟ್ ಎಬ್ಬಿಸಿ. ಮೆಷಿನ್ ಬೇಡವೇ ಬೇಡ, ಕಲ್ಲಿನ ಅಂಚೇ ಕಿತ್ತು ಬರುತ್ತದೆ. ಶಿವರಾತ್ರಿಯವರೆಗೆ ಗೋಡೆ ಹಾಗೇ ಬರಿಮೈಯಲ್ಲಿ ಇರಲಿ. ನೋಡಲು ಚೆನ್ನಾಗಿರುವುದಿಲ್ಲ, ಸಹಿಸಿಕೊಳ್ಳಿ. ಆಮೇಲೆ ಚೆನ್ನಾಗಿ ಅರಳಿಸಿ ನೆನೆಹಾಕಿದ ಸುಣ್ಣ ಒಂದು ಪಾಲು, ಮರಳು ಮೂರು ಪಾಲು. ನಾವು ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರನ್ನೂ ಸೇರಿಸಿದೆವು. ತೆಳ್ಳಗೆ ಎರಡು ಸಲ ಹಚ್ಚಿ, ಒದ್ದೆ ಗೋಣಿತಾಟು ಇಳಿಬಿಡಿ. ಮೇಲೆ ಸುಣ್ಣವನ್ನೇ ಬಳಿಯಿರಿ. ಪ್ಲಾಸ್ಟಿಕ್ ಪೇಂಟ್ ಹೊಡೆದರೆ ಮತ್ತೆ ಅದೇ ಕಥೆ.

ನಮ್ಮ ಮುಂಡಿಗೆಯ ಕೊಳೆತ ಬುಡವನ್ನು ಆಚಾರಿಗಳು ಕೊಯ್ದು, ಹಳೇ ಹಲಸಿನ ತುಂಡು ಬೆಸೆದು, ಅಡಿಗಲ್ಲಿನ ಮೇಲೆ ನಿಲ್ಲಿಸಿದರು. ಅಜ್ಜಿ ಒರಗುತ್ತಿದ್ದ ಜಾಗ ಉಳಿಯಿತು.

ಮಗನನ್ನು ಒಮ್ಮೆ ಕುಪ್ಪಳಿಗೆ ಕರೆದುಕೊಂಡು ಹೋಗಿ, ನಿಮಗೆ ಹತ್ತಿರವೇ ಅಲ್ವಾ. ಕುವೆಂಪು ಅವರ ಕವಿಮನೆಯ ಅಂಗಳದಲ್ಲಿ ಸ್ವಲ್ಪ ಹೊತ್ತು ಸುಮ್ನೆ ನಿಲ್ಲಲಿ.

ಮನೆಯ ವಯಸ್ಸಿನ ಬಗ್ಗೆ ಒಂದು ಮಾತು. ರಾಣಿ ಆಳಿದ್ದು 1837ರಿಂದ 1901ರವರೆಗೆ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್‌ನವರು ಹೆಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ. ಮನೆ ಅದಕ್ಕೂ ಹಳೇದಾದರೆ ಮೊದಲು ಸೋಗೆಯೋ ನಾಡಹೆಂಚೋ ಇದ್ದಿರಬೇಕು. ಮಾಡಿನ ಹೆಂಚು ಕೈಯಾಡಿಸುವಾಗ ಒಂದನ್ನು ಮಗುಚಿ ನೋಡಿ, ಕಾರ್ಖಾನೆಯ ಹೆಸರು ಅಚ್ಚಾಗಿರುತ್ತದೆ. ಒಡೆದಿದ್ದರೂ ಅಂಥದ್ದೊಂದನ್ನು ಅಟ್ಟದಲ್ಲಿ ತೆಗೆದಿಡಿ.