ಬೇಸಿಗೆ ಕೂಟಕ್ಕೆ ಹಣ್ಣಿನ ಜೆಲ್ಲಿ ಶಾಟ್: ಓದುಗರ ಪ್ರಶ್ನೆಗಳಿಗೆ ಉತ್ತರ

ಬೇಸಿಗೆ ಹತ್ತಿರವಾಗುತ್ತಿದ್ದಂತೆ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹಲವು ಒಂದೇ ತಿನಿಸಿನ ಕುರಿತಾಗಿವೆ. ಹಣ್ಣಿನ ರಸಕ್ಕೆ ಜೆಲಟಿನ್ ಮತ್ತು ಸ್ವಲ್ಪ ಮದ್ಯವನ್ನು ಸೇರಿಸಿ, ಪುಟ್ಟ ಕಪ್‌ಗಳಲ್ಲಿ ಹೆಪ್ಪುಗಟ್ಟಿಸಿ, ಒಂದೇ ತುತ್ತಿಗೆ ಬಾಯಿಗಿಡುವ ಜೆಲ್ಲಿ ಶಾಟ್ ಅದು. ಮದ್ಯವಿಲ್ಲದೆ ಮಾಡಬೇಕೆನ್ನುವವರೂ ಬರೆದಿದ್ದಾರೆ; ಅವರಿಗೂ ಇಲ್ಲಿ ಉತ್ತರವಿದೆ.

ಪ್ರಶ್ನೆ: ತಾಜಾ ಅನಾನಸ್ ರಸ ತೆಗೆದು ಶಾಟ್ ಮಾಡಿದೆ. ಜೆಲಟಿನ್ ಅಳತೆ ಸರಿಯಾಗಿಯೇ ಇತ್ತು. ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟರೂ ಬೆಳಿಗ್ಗೆ ಅದು ನೀರಾಗಿಯೇ ಇತ್ತು. ಎಲ್ಲಿ ತಪ್ಪಾಯಿತು?

ಉತ್ತರ: ತಪ್ಪು ನಿಮ್ಮ ಅಳತೆಯದಲ್ಲ, ಹಸಿ ಹಣ್ಣಿನದು. ಜೆಲಟಿನ್ ಒಂದು ಪ್ರೋಟೀನು. ಬಿಸಿ ದ್ರವದಲ್ಲಿ ಕರಗಿದಾಗ ಬಿಡಿಬಿಡಿಯಾಗುವ ಅದರ ಉದ್ದನೆಯ ಎಳೆಗಳು ತಣಿಯುತ್ತಾ ಬಂದಂತೆ ಒಂದಕ್ಕೊಂದು ಹೆಣೆದುಕೊಂಡು ಬಲೆಯಂತಾಗಿ, ತಮ್ಮ ನಡುವೆ ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಹಸಿ ಅನಾನಸ್‌ನಲ್ಲಿ ಬ್ರೋಮೆಲಿನ್ ಎಂಬ ಕಿಣ್ವವಿದೆ. ಪ್ರೋಟೀನನ್ನು ಕತ್ತರಿಸುವುದೇ ಅದರ ಕೆಲಸವಾದ್ದರಿಂದ ಆ ಎಳೆಗಳು ತುಂಡಾಗಿ ಬಲೆ ಹೆಣೆಯುವುದೇ ಇಲ್ಲ. ಪಪ್ಪಾಯಿಯಲ್ಲಿರುವ ಪಪೈನ್, ಕಿವಿ ಹಣ್ಣಿನಲ್ಲಿರುವ ಆಕ್ಟಿನಿಡಿನ್, ಅಂಜೂರದಲ್ಲಿರುವ ಫಿಸಿನ್ ಕೂಡ ಇದೇ ಕೆಲಸ ಮಾಡುತ್ತವೆ. ಹಸಿ ಶುಂಠಿಯ ರಸವೂ ಈ ಸಾಲಿಗೇ ಸೇರಿದ್ದು ಎಂಬುದು ಅನೇಕರಿಗೆ ತಿಳಿದಿರುವುದಿಲ್ಲ.

ಪರಿಹಾರ ಸುಲಭವಾಗಿದೆ. ರಸವನ್ನು ಅಥವಾ ತಿರುಳನ್ನು ಪಾತ್ರೆಯಲ್ಲಿ ಹಾಕಿ ಐದು ನಿಮಿಷ ಚೆನ್ನಾಗಿ ಕುದಿಸಿದರೆ ಕಿಣ್ವ ತನ್ನ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಡಬ್ಬಿಯಲ್ಲಿ ಬರುವ ಅನಾನಸ್ ಈಗಾಗಲೇ ಬಿಸಿಗೆ ಒಳಗಾಗಿರುವುದರಿಂದ ಅದನ್ನು ನೇರವಾಗಿ ಬಳಸಬಹುದು. ಆದರೆ ಫ್ರೀಜರ್‌ನಲ್ಲಿಟ್ಟ ಹಣ್ಣು ಹಸಿ ಹಣ್ಣಿಗೆ ಸಮ, ಏಕೆಂದರೆ ಚಳಿಯಿಂದ ಈ ಕಿಣ್ವ ನಾಶವಾಗುವುದಿಲ್ಲ. ನಾನು ಒಮ್ಮೆ ಒಂದೇ ಜೆಲಟಿನ್ ದ್ರಾವಣವನ್ನು ಎರಡು ಗಾಜಿನ ಕಪ್‌ಗಳಿಗೆ ಸುರಿದು, ಒಂದರಲ್ಲಿ ಹಸಿ ಅನಾನಸ್ ತುಂಡನ್ನೂ ಇನ್ನೊಂದರಲ್ಲಿ ಕುದಿಸಿದ ತುಂಡನ್ನೂ ಹಾಕಿಟ್ಟಿದ್ದೆ. ಮರುದಿನ ಬೆಳಿಗ್ಗೆ ಎರಡನ್ನೂ ಓರೆ ಮಾಡಿ ನೋಡಿದಾಗ ಕುದಿಸಿದ ತುಂಡು ಜೆಲ್ಲಿಯ ನಡುವೆ ಅಲುಗಾಡದೆ ನಿಂತಿತ್ತು. ಹಸಿ ತುಂಡು ಮಾತ್ರ ಹಳದಿ ನೀರಿನಲ್ಲಿ ಕಪ್ಪಿನ ಅಂಚಿನವರೆಗೆ ತೇಲಿ ಬಂದಿತ್ತು. ಹೊಸ ಹಣ್ಣೊಂದನ್ನು ಬಳಸುವ ಮುನ್ನ ನೀವೂ ಹೀಗೆ ಒಂದು ಕಪ್ ಮಾಡಿ ನೋಡಿಕೊಂಡರೆ ಅತಿಥಿಗಳು ಬರುವ ಹೊತ್ತಿಗೆ ಆತಂಕವಿರುವುದಿಲ್ಲ.

ಪ್ರಶ್ನೆ: ಮೊದಲ ಬಾರಿಗೆ ಮಾಡುತ್ತಿದ್ದೇನೆ. ಸುಮಾರು ಇಪ್ಪತ್ತನಾಲ್ಕು ಕಪ್‌ಗಳಿಗೆ ನಂಬಬಹುದಾದ ಒಂದು ಅಳತೆಯನ್ನು ತಿಳಿಸಿ.

ಉತ್ತರ: 30 ಮಿಲಿಲೀಟರ್ ಹಿಡಿಯುವ 24 ಕಪ್‌ಗಳೆಂದರೆ ಒಟ್ಟು 720 ಮಿಲಿಲೀಟರ್ ದ್ರವ ಬೇಕು. ಇದಕ್ಕೆ ಸೋಸಿದ ಕಿತ್ತಳೆ ರಸ 540 ಮಿಲಿಲೀಟರ್, ಶೇ. 40ರ ವೋಡ್ಕಾ 180 ಮಿಲಿಲೀಟರ್, ಜೆಲಟಿನ್ ಪುಡಿ 21 ಗ್ರಾಂ ಮತ್ತು ರಸದ ಹುಳಿಯನ್ನು ನೋಡಿಕೊಂಡು ನಾಲ್ಕೈದು ಚಮಚ ಸಕ್ಕರೆ ಸಾಕು.

ರಸದಲ್ಲಿ 120 ಮಿಲಿಲೀಟರನ್ನು ಅಗಲವಾದ ಬಟ್ಟಲಿಗೆ ಹಾಕಿ, ಅದು ತಣ್ಣಗಿರುವಾಗಲೇ ಜೆಲಟಿನ್ ಪುಡಿಯನ್ನು ಮೇಲೆಲ್ಲ ತೆಳುವಾಗಿ ಉದುರಿಸಿ ಹತ್ತು ನಿಮಿಷ ಬಿಡಿ. ಒಂದೇ ಕಡೆ ಸುರಿದರೆ ಹೊರಗಿನ ಪುಡಿ ನೆನೆದು ಒಳಗಿನದು ಒಣಗಿಯೇ ಉಳಿದು ಗಂಟಾಗುತ್ತದೆ, ಆ ಗಂಟು ಆಮೇಲೆ ಎಷ್ಟು ಕಲಕಿದರೂ ಕರಗುವುದಿಲ್ಲ. ಪುಡಿ ನೀರು ಕುಡಿದು ಒದ್ದೆ ಮರಳಿನಂತೆ ಉಬ್ಬಿದಾಗ, 300 ಮಿಲಿಲೀಟರ್ ರಸವನ್ನು ಸಕ್ಕರೆಯೊಂದಿಗೆ ಹಬೆಯಾಡುವವರೆಗೆ ಬಿಸಿ ಮಾಡಿ ಒಲೆಯಿಂದ ಇಳಿಸಿ, ನೆನೆದ ಜೆಲಟಿನ್ ಅನ್ನು ಅದಕ್ಕೆ ಸೇರಿಸಿ ಎರಡು ನಿಮಿಷ ನಿಧಾನವಾಗಿ ಕಲಕಿ. ಜೆಲಟಿನ್ ಸೇರಿಸಿದ ಮೇಲೆ ಮತ್ತೆ ಕುದಿಸಬಾರದು. ಬಹಳ ಹೊತ್ತು ಕುದಿದರೆ ಅದರ ಹಿಡಿತ ಸಡಿಲವಾಗುತ್ತದೆ. ಒಂದು ಹನಿಯನ್ನು ಎರಡು ಬೆರಳುಗಳ ನಡುವೆ ಉಜ್ಜಿ ನೋಡಿ: ಕಾಳು ಕಾಳಾಗಿ ಸಿಕ್ಕಿದರೆ ಇನ್ನೂ ಕಲಕಬೇಕು, ನುಣ್ಣಗೆ ಜಾರಿದರೆ ಕರಗಿದೆ ಎಂದರ್ಥ. ಆನಂತರ ಉಳಿದ 120 ಮಿಲಿಲೀಟರ್ ತಣ್ಣನೆಯ ರಸವನ್ನು ಬೆರೆಸಿ, ಮಿಶ್ರಣ ಉಗುರುಬೆಚ್ಚಗಾದ ಮೇಲೆ ವೋಡ್ಕಾವನ್ನು ಸೇರಿಸಿ. ಬಿಸಿಯಿರುವಾಗಲೇ ಸುರಿದರೆ ಮದ್ಯದ ಒಂದಷ್ಟು ಭಾಗ ಆವಿಯಾಗಿ ಹೋಗುತ್ತದೆ ಮತ್ತು ಪರಿಮಳವೂ ಕೆಡುತ್ತದೆ.

ಕಪ್‌ಗಳನ್ನು ಟ್ರೇಯಲ್ಲಿ ಜೋಡಿಸಿಟ್ಟುಕೊಂಡೇ ಸುರಿಯಿರಿ, ಏಕೆಂದರೆ ತುಂಬಿದ ಕಪ್‌ಗಳನ್ನು ಒಂದೊಂದಾಗಿ ಫ್ರಿಜ್‌ಗೆ ಸಾಗಿಸುವುದು ಕಷ್ಟ. ನಾಲ್ಕು ಗಂಟೆಗಳಲ್ಲಿ ಅವು ಗಟ್ಟಿಯಾಗುತ್ತವೆಯಾದರೂ ಜೆಲಟಿನ್‌ನ ಬಲೆ ರಾತ್ರಿಯಿಡೀ ಬಿಗಿಯಾಗುತ್ತಲೇ ಇರುತ್ತದೆ, ಆದ್ದರಿಂದ ಹಿಂದಿನ ದಿನವೇ ಮಾಡಿಡುವುದು ಎಲ್ಲಕ್ಕಿಂತ ಒಳ್ಳೆಯದು. ಮದ್ಯ ಬೇಡವಾದವರು ವೋಡ್ಕಾದ ಬದಲು ಅಷ್ಟೇ ರಸವನ್ನು ಹಾಕಿ ಜೆಲಟಿನ್ ಅನ್ನು 18 ಗ್ರಾಂಗೆ ಇಳಿಸಬಹುದು.

ಜೆಲಟಿನ್ ಪೊಟ್ಟಣಗಳೆಲ್ಲವೂ ಒಂದೇ ಬಲದವಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಅದರ ಬಲವನ್ನು ಬ್ಲೂಮ್ ಎಂಬ ಅಂಕಿಯಲ್ಲಿ ಅಳೆಯುತ್ತಾರೆ. ಅಂಕಿ ಹೆಚ್ಚಿದಷ್ಟೂ ಜೆಲ್ಲಿ ಗಟ್ಟಿ. ಅಡುಗೆಮನೆಯ ಪುಡಿಗಳು ಸಾಮಾನ್ಯವಾಗಿ 225ರ ಆಸುಪಾಸಿನವು ಮತ್ತು ಮೇಲಿನ ಅಳತೆ ಅಂಥದ್ದಕ್ಕೇ ಹೊಂದುತ್ತದೆ. ನಿಮ್ಮ ಪೊಟ್ಟಣದ ಮೇಲೆ ಇದಕ್ಕಿಂತ ತೀರ ಕಡಿಮೆ ಅಂಕಿಯಿದ್ದರೆ ಪುಡಿಯನ್ನು ಸ್ವಲ್ಪ ಹೆಚ್ಚಿಸಿಕೊಳ್ಳಿ.

ಪ್ರಶ್ನೆ: ರಸದಷ್ಟೇ ವೋಡ್ಕಾ ಹಾಕಿದರೆ ಆಗುವುದಿಲ್ಲವೇ? ಬೇಗ ಗಟ್ಟಿಯಾಗಲೆಂದು ಫ್ರೀಜರ್‌ನಲ್ಲಿಡಬಹುದೇ?

ಉತ್ತರ: ಎರಡನ್ನೂ ಮಾಡಬೇಡಿ ಎಂದೇ ನನ್ನ ಸಲಹೆ. ಅರ್ಧಕ್ಕರ್ಧ ಹಾಕಿದರೆ ಮಿಶ್ರಣದಲ್ಲಿ ಮದ್ಯಸಾರ ಶೇ. 20 ಆಗುತ್ತದೆ. ಅಲ್ಲಿಗೆ ಬರುವ ಹೊತ್ತಿಗೆ ಜೆಲ್ಲಿ ಸಡಿಲವಾಗತೊಡಗುತ್ತದೆ, ಅದನ್ನೂ ಮೀರಿ ಬಹಳ ಮುಂದೆ ಹೋದರೆ ಜೆಲಟಿನ್ ಕರಗಿರಲಾರದೆ ಎಳೆ ಎಳೆಯಾಗಿ ಬೇರ್ಪಡುತ್ತದೆ. ಮೇಲಿನ ಅಳತೆಯಲ್ಲಿ ಮದ್ಯಸಾರ ಶೇ. 10 ಮಾತ್ರ, ಹಣ್ಣಿನ ರುಚಿ ಉಳಿಯುವುದೂ ಆ ಮಟ್ಟದಲ್ಲಿಯೇ. ಫ್ರೀಜರ್‌ನಲ್ಲಿಟ್ಟರೆ ನೀರು ಮಂಜಿನ ಹರಳುಗಳಾಗಿ ಬಲೆಯನ್ನು ಹರಿಯುತ್ತದೆ. ಹೊರಗೆ ತೆಗೆದ ಮೇಲೆ ಜೆಲ್ಲಿ ನೀರು ಬಿಡುತ್ತದೆ.

ಪ್ರಶ್ನೆ: ನಮ್ಮ ಅತಿಥಿಗಳಲ್ಲಿ ಸಸ್ಯಾಹಾರಿಗಳಿದ್ದಾರೆ. ಅವರಿಗೆ ಜೆಲಟಿನ್ ನಡೆಯುತ್ತದೆಯೇ?

ಉತ್ತರ: ನಡೆಯುವುದಿಲ್ಲ, ಮತ್ತು ಇದನ್ನು ನೀವು ಮೊದಲೇ ಕೇಳಿದ್ದು ಬಹಳ ಒಳ್ಳೆಯದಾಯಿತು. ಜೆಲಟಿನ್ ಪ್ರಾಣಿಗಳ ಚರ್ಮ ಮತ್ತು ಮೂಳೆಗಳಲ್ಲಿರುವ ಕೊಲಾಜೆನ್‌ನಿಂದ ತಯಾರಾಗುತ್ತದೆ. ಹೆಚ್ಚಿನದು ಹಂದಿ ಮತ್ತು ದನಗಳದು, ಸ್ವಲ್ಪ ಭಾಗ ಮೀನಿನದು. ಬಣ್ಣ ಬಣ್ಣದ ಜೆಲ್ಲಿಯನ್ನು ನೋಡಿ ಅದು ಹಣ್ಣಿನದೆಂದೇ ನಂಬಿ ತಿನ್ನುವವರಿಗೆ ಆತಿಥೇಯರೇ ಮುಂದಾಗಿ ಹೇಳಬೇಕು, ಅವರು ಕೇಳಲಿ ಎಂದು ಕಾಯಬಾರದು.

ಅವರಿಗಾಗಿ ಚೀನಾ ಗ್ರಾಸ್, ಅಂದರೆ ಕಡಲಪಾಚಿಯಿಂದ ತೆಗೆಯುವ ಅಗಾರ್ ಬಳಸಿ. ಆದರೆ ಎರಡರ ಸ್ವಭಾವವೂ ಬೇರೆ ಬೇರೆಯಾದ್ದರಿಂದ ಜೆಲಟಿನ್ ವಿಧಾನವನ್ನೇ ಇದಕ್ಕೂ ಅನುಸರಿಸಲಾಗದು. ಅಗಾರ್ ಬಿಸಿ ಮಾಡಿದರೆ ಸಾಲದು, ನೀರಿನಲ್ಲಿ ಎರಡು ಮೂರು ನಿಮಿಷ ಕುದಿಯಲೇಬೇಕು. 240 ಮಿಲಿಲೀಟರ್ ದ್ರವಕ್ಕೆ 2 ಗ್ರಾಂ ಪುಡಿ ಸಾಕಾಗುತ್ತದೆ. ಅದು 40 ಡಿಗ್ರಿ ಸೆಲ್ಸಿಯಸ್ ಸಮೀಪದಲ್ಲಿಯೇ ಗಟ್ಟಿಯಾಗತೊಡಗುವುದರಿಂದ ಫ್ರಿಜ್‌ನಿಂದ ತೆಗೆದ ರಸವನ್ನೋ ಮದ್ಯವನ್ನೋ ಹಾಗೆಯೇ ಸುರಿದರೆ ಪಾತ್ರೆಯಲ್ಲಿಯೇ ಗಂಟುಗಂಟಾಗುತ್ತದೆ. ಅವೆರಡನ್ನೂ ಮೊದಲೇ ಹೊರಗಿಟ್ಟು, ರಸವನ್ನು ಸ್ವಲ್ಪ ಬೆಚ್ಚಗೆ ಮಾಡಿಕೊಂಡು, ಒಲೆ ಆರಿಸಿದ ಮೇಲೆ ಬೇಗ ಬೇಗ ಬೆರೆಸಿ ಕಪ್‌ಗಳಿಗೆ ಸುರಿಯಬೇಕು. ನಿಂಬೆಯಂತಹ ಹುಳಿ ರಸವನ್ನು ಅಗಾರ್ ಜೊತೆಗೆ ಕುದಿಸಿದರೆ ಅದರ ಬಲ ಕುಂದುವುದರಿಂದ ಅದನ್ನು ಕೊನೆಯಲ್ಲಿಯೇ ಸೇರಿಸಿ. ಅಗಾರ್ ಜೆಲಟಿನ್‌ನಂತೆ ನಾಲಿಗೆಯ ಮೇಲೆ ಕರಗುವುದಿಲ್ಲ, ಹಲ್ಲಿಗೆ ಸಿಕ್ಕಿ ಪುಟ್ಟನೆ ಒಡೆಯುತ್ತದೆ. ಕೆಲವರಿಗೆ ಅದೇ ಇಷ್ಟ. ಅದು ಪ್ರೋಟೀನ್ ಅಲ್ಲವಾದ್ದರಿಂದ ಹಸಿ ಅನಾನಸ್ ಮತ್ತು ಕಿವಿ ಹಣ್ಣು ಅದನ್ನು ಏನೂ ಮಾಡಲಾರವು. ಮೊದಲ ಪ್ರಶ್ನೆ ಕೇಳಿದವರಿಗೆ ತಾಜಾ ಅನಾನಸ್ ಪರಿಮಳವೇ ಬೇಕೆಂದಿದ್ದರೆ ಅವರೂ ಈ ದಾರಿಯನ್ನು ಹಿಡಿಯಬಹುದು.

ಪ್ರಶ್ನೆ: ಕೆಂಪು ಮತ್ತು ಹಳದಿ ಪದರಗಳನ್ನು ಮಾಡಲು ಹೋದರೆ ಬಣ್ಣಗಳು ಬೆರೆತುಹೋಗುತ್ತವೆ. ಹಣ್ಣಿನ ತುಂಡುಗಳೆಲ್ಲ ಮೇಲಕ್ಕೆ ಬರುತ್ತವೆ.

ಉತ್ತರ: ಎರಡೂ ಸಮಯಕ್ಕೆ ಸಂಬಂಧಪಟ್ಟವು. ಗಟ್ಟಿಯಾದ ಜೆಲಟಿನ್ 30 ಡಿಗ್ರಿ ದಾಟುತ್ತಿದ್ದಂತೆ ಮತ್ತೆ ಕರಗತೊಡಗುತ್ತದೆ, ಆದ್ದರಿಂದ ಮೇಲೆ ಸುರಿಯುವ ಎರಡನೆಯ ಪದರ ಬೆರಳಿಗೆ ಬೆಚ್ಚಗೂ ತಣ್ಣಗೂ ಅನ್ನಿಸದಷ್ಟು ಆರಿರಬೇಕು. ಕೆಳಗಿನ ಪದರ ಪೂರ್ತಿ ಗಟ್ಟಿಯಾಗುವವರೆಗೂ ಕಾಯಬೇಡಿ. ಬೆರಳಿಟ್ಟರೆ ಅಂಟಬೇಕು, ಆದರೆ ಬೆರಳು ಒದ್ದೆಯಾಗಬಾರದು. ಸುರಿಯಲು ಅದೇ ಸರಿಯಾದ ಗಳಿಗೆ. ತೀರ ಗಟ್ಟಿಯಾದ ಮೇಲೆ ಸುರಿದ ಪದರಗಳು ಒಂದಕ್ಕೊಂದು ಹಿಡಿದುಕೊಳ್ಳದೆ, ಕಪ್ಪಿನಿಂದ ಬಿಡಿಸುವಾಗ ಜಾರಿ ಬೇರೆಯಾಗುತ್ತವೆ. ಚಮಚದ ಬೆನ್ನನ್ನು ಕೆಳಪದರದ ಹತ್ತಿರ ಹಿಡಿದು ಅದರ ಮೇಲೆ ಸುರಿದರೆ ದ್ರವದ ರಭಸಕ್ಕೆ ಗುಳಿ ಬೀಳುವುದಿಲ್ಲ.

ಹಣ್ಣಿನ ತುಂಡುಗಳನ್ನು, ಮಿಶ್ರಣ ತಣಿಯುತ್ತಾ ಹಸಿ ಮೊಟ್ಟೆಯ ಬಿಳಿಯಷ್ಟು ಮಂದವಾದಾಗ ಹಾಕಿ. ನೀರಿನಂತಿರುವಾಗ ಹಾಕಿದರೆ ಹಗುರವಾದವು ತೇಲುತ್ತವೆ, ಭಾರವಾದವು ತಳ ಸೇರುತ್ತವೆ. ಕಲ್ಲಂಗಡಿಯ ರಸದಲ್ಲಿ ಕೆಂಪು ತಿರುಳು ಬೇರ್ಪಟ್ಟು ತಿಳಿನೀರು ಒಂದು ಕಡೆ ಉಳಿಯುವುದಕ್ಕೂ ಇದೇ ಕಾರಣ. ಎರಡು ಬಾರಿ ಸೋಸಿ, ಮಂದವಾದ ಮೇಲೆ ಒಮ್ಮೆ ಕಲಕಿ ಕಪ್‌ಗಳಿಗೆ ಸುರಿದರೆ ಬಣ್ಣ ಒಂದೇ ಸಮನಾಗಿರುತ್ತದೆ.

ಪ್ರಶ್ನೆ: ಕೂಟವಿರುವುದು ಹೊರಗೆ, ಬಿಸಿಲಿನಲ್ಲಿ. ಶಾಟ್‌ಗಳು ಕರಗದೆ ಎಷ್ಟು ಹೊತ್ತು ಇರುತ್ತವೆ?

ಉತ್ತರ: ನಾಲಿಗೆಯ ಬಿಸಿಗೆ ಕರಗುವ ಗುಣವೇ ಜೆಲಟಿನ್‌ಗೆ ಅದರ ಸೊಗಸನ್ನು ಕೊಟ್ಟಿರುವುದು, ಬೇಸಿಗೆಯ ಮಧ್ಯಾಹ್ನದಲ್ಲಿ ಅದೇ ಗುಣ ತೊಡಕಾಗುತ್ತದೆ. ಟ್ರೇಯ ಕೆಳಗೆ ಐಸ್ ತುಂಬಿದ ಇನ್ನೊಂದು ಟ್ರೇ ಇಟ್ಟು, ಒಂದು ಬಾರಿಗೆ ಹತ್ತು ಹನ್ನೆರಡನ್ನು ಮಾತ್ರ ಹೊರತಂದು, ಉಳಿದವನ್ನು ಫ್ರಿಜ್‌ನಲ್ಲಿಯೇ ಬಿಡಿ. ಹೊರಗಿನ ತಾಪ 32 ಡಿಗ್ರಿಗಿಂತ ಹೆಚ್ಚಿದ್ದಾಗ ಒಂದು ಗಂಟೆಗೂ ಹೆಚ್ಚು ಹೊತ್ತು ಹೊರಗಿದ್ದುದನ್ನು ತಿನ್ನದಿರುವುದು ಕ್ಷೇಮ. ಬಿಸಿಲಿನಲ್ಲಿಯೇ ಇಡಬೇಕಾದ ಅನಿವಾರ್ಯವಿದ್ದರೆ ಅಗಾರ್ ಆರಿಸಿಕೊಳ್ಳಿ. ಅದು ಮತ್ತೆ ಕರಗಬೇಕಾದರೆ ಸುಮಾರು 85 ಡಿಗ್ರಿ ಬಿಸಿ ಬೇಕು.

ಪ್ರಶ್ನೆ: ಒಬ್ಬರು ಎಷ್ಟು ಶಾಟ್ ತಿನ್ನಬಹುದು? ಮಕ್ಕಳೂ ಬರುತ್ತಾರೆ, ಅವರಿಗೆ ಬೇರೆ ಮಾಡಬೇಕೇ?

ಉತ್ತರ: ಬಂದ ಪತ್ರಗಳಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ಇದು. ಲೆಕ್ಕ ಸರಳವಾಗಿದೆ. ಶೇ. 10 ಮದ್ಯಸಾರವಿರುವ 30 ಮಿಲಿಲೀಟರ್ ಶಾಟ್‌ನಲ್ಲಿ 3 ಮಿಲಿಲೀಟರ್, ಅಂದರೆ ಸುಮಾರು 2.4 ಗ್ರಾಂ ಶುದ್ಧ ಮದ್ಯಸಾರ ಇರುತ್ತದೆ. ಅನೇಕ ದೇಶಗಳು ಒಂದು ಪೂರ್ಣ ಪಾನೀಯವೆಂದು ಎಣಿಸುವ ಪ್ರಮಾಣ 10 ಗ್ರಾಂ, ಹಾಗಾಗಿ ನಾಲ್ಕು ಶಾಟ್ ತಿಂದವರು ಒಂದು ಪಾನೀಯ ಕುಡಿದಂತಾಯಿತು. ಕಪ್ ದೊಡ್ಡದಾದರೆ ಅಥವಾ ಮದ್ಯ ಹೆಚ್ಚಾದರೆ ಈ ಲೆಕ್ಕ ಪೂರ್ತಿ ಬದಲಾಗುತ್ತದೆ: 60 ಮಿಲಿಲೀಟರ್ ಕಪ್ಪಿನಲ್ಲಿ ಶೇ. 20ರ ಮಿಶ್ರಣ ತುಂಬಿದರೆ ಒಂದೇ ಒಂದು ಶಾಟ್ ಬಹುಮಟ್ಟಿಗೆ ಒಂದು ಪಾನೀಯಕ್ಕೆ ಸಮ.

ಸಿಹಿ ಮತ್ತು ತಂಪು ಮದ್ಯದ ಖಾರವನ್ನು ಮುಚ್ಚಿಬಿಡುತ್ತವೆ, ಕುಡಿದ ಭಾವನೆಯೇ ಬರುವುದಿಲ್ಲ, ಪರಿಣಾಮ ತಿಳಿಯುವ ಹೊತ್ತಿಗೆ ಇನ್ನೂ ನಾಲ್ಕು ಒಳಗೆ ಹೋಗಿರುತ್ತವೆ. ಈ ಎಚ್ಚರಿಕೆ ಹೊಸದೇನಲ್ಲ. ಅಮೆರಿಕದ ಜೆರ್ರಿ ಥಾಮಸ್ 1862ರಲ್ಲಿ ಪ್ರಕಟಿಸಿದ ಪಾನೀಯಗಳ ಕೈಪಿಡಿಯಲ್ಲಿ ಪಂಚ್ ಜೆಲ್ಲಿ ಎಂಬುದರ ವಿಧಾನವಿದೆ. ಜೆಲಟಿನ್‌ನಲ್ಲಿ ಮದ್ಯದ ಬಲ ಅಡಗಿಬಿಡುವುದರಿಂದ ಮಿತವಾಗಿ ಸೇವಿಸಬೇಕೆಂದು ಅವರು ಅಲ್ಲಿಯೇ ತಿಳಿಸಿದ್ದಾರೆ. ನೀವು ಟ್ರೇಯ ಪಕ್ಕದಲ್ಲಿ ಒಂದು ಚೀಟಿಯಿಟ್ಟು, ಯಾವ ಮದ್ಯ, ಎಷ್ಟು ಶಾಟ್‌ಗೆ ಒಂದು ಪಾನೀಯ, ಜೆಲಟಿನ್ ಇದೆಯೇ ಅಗಾರ್ ಇದೆಯೇ ಎಂಬುದನ್ನು ದೊಡ್ಡ ಅಕ್ಷರಗಳಲ್ಲಿ ಬರೆದಿಡಿ. ವಾಹನ ಓಡಿಸಬೇಕಾದವರಿಗೂ ಗರ್ಭಿಣಿಯರಿಗೂ ಔಷಧ ತೆಗೆದುಕೊಳ್ಳುತ್ತಿರುವವರಿಗೂ ಮದ್ಯವಿಲ್ಲದ್ದನ್ನೇ ಕೊಡಿ.

ಮಕ್ಕಳು ಬರುವ ಕೂಟದಲ್ಲಿ ಬಣ್ಣವನ್ನು ನಂಬಿ ಕೂರಬಾರದು. ಕೆಂಪು ದೊಡ್ಡವರಿಗೆ, ಹಳದಿ ಮಕ್ಕಳಿಗೆ ಎಂದು ನೀವು ನೆನಪಿಟ್ಟುಕೊಂಡಿರುತ್ತೀರಿ, ನಾಲ್ಕು ವರ್ಷದ ಮಗುವಿಗೆ ಅದು ಗೊತ್ತಿರುವುದಿಲ್ಲ. ಮಕ್ಕಳ ಜೆಲ್ಲಿಯನ್ನು ಅಗಲವಾದ ತಟ್ಟೆಯಲ್ಲಿ ಹೆಪ್ಪುಗಟ್ಟಿಸಿ, ಸಣ್ಣ ಚೂರುಗಳಾಗಿ ಕತ್ತರಿಸಿ ಚಮಚದೊಂದಿಗೆ ಕೊಡಿ. ಪುಟ್ಟ ಕಪ್ಪಿನಿಂದ ಇಡಿಯಾಗಿ ಜಾರುವ ಜೆಲ್ಲಿ ಚಿಕ್ಕ ಮಕ್ಕಳ ಗಂಟಲಿನಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ. ಮದ್ಯವಿರುವ ಟ್ರೇ ಮಕ್ಕಳ ಕೈಗೆಟುಕದ ಎತ್ತರದಲ್ಲಿರಲಿ, ಅದರ ಬಳಿ ಯಾವಾಗಲೂ ದೊಡ್ಡವರೊಬ್ಬರು ನಿಂತಿರಲಿ.

ಪ್ರಶ್ನೆ: ಶಾಟ್ ಕಪ್ಪಿನಿಂದ ಸಲೀಸಾಗಿ ಬಿಡಿಸಿಕೊಳ್ಳುವುದಿಲ್ಲ. ಉಳಿದವನ್ನು ಎಷ್ಟು ದಿನ ಇಡಬಹುದು?

ಉತ್ತರ: ಸುರಿಯುವ ಮೊದಲು ಕಪ್ಪಿನ ಒಳಗೆ ವಾಸನೆಯಿಲ್ಲದ ಎಣ್ಣೆಯನ್ನು ಹತ್ತಿಯಿಂದ ತೆಳುವಾಗಿ ಸವರಿಕೊಳ್ಳಿ. ಅದನ್ನು ಮರೆತಿದ್ದರೆ ಕಪ್ಪಿನ ತಳವನ್ನು ಐದಾರು ಸೆಕೆಂಡು ಬೆಚ್ಚನೆಯ ನೀರಿನಲ್ಲಿ ಅದ್ದಿ, ಅಂಚನ್ನು ಬೆರಳಿನಿಂದ ಒಳಮುಖವಾಗಿ ಎಳೆದರೆ ಗಾಳಿ ಹೊಕ್ಕು ಜೆಲ್ಲಿ ಸಡಿಲವಾಗುತ್ತದೆ. ಫ್ರಿಜ್‌ನಿಂದ ಹೊರಬರದೆ ಉಳಿದವನ್ನು ಮುಚ್ಚಿಟ್ಟು ಎರಡು ಮೂರು ದಿನಗಳೊಳಗೆ ಮುಗಿಸಿ. ಮುಚ್ಚದೆ ಬಿಟ್ಟರೆ ಮೇಲ್ಭಾಗ ಒಣಗಿ ತೊಗಲಿನಂತಾಗುತ್ತದೆ.